ತಿಮ್ಮಯ್ಯನವರ ಮನೆಯಂಗಳದಲ್ಲಿ

ಮಡಿಕೇರಿಗೆ ಹೋದವರು ರಾಜಾಸೀಟು, ಓಂಕಾರೇಶ್ವರ ದೇವಸ್ಥಾನ ನೋಡಿ ಮರಳುವುದು ವಾಡಿಕೆ. ಊರೊಳಗೇ ಇರುವ ‘ಸನ್ನಿ ಸೈಡ್’ಗೂ ಒಮ್ಮೆ ಹೋಗಿಬನ್ನಿ, ಸೇನೆಗೆ ಸೇರುತ್ತೇನೆನ್ನುವ ಮಕ್ಕಳು ಮನೆಯಲ್ಲಿದ್ದರಂತೂ ತಪ್ಪಿಸಬೇಡಿ. ಜನರಲ್ ಕೆ.ಎಸ್. ತಿಮ್ಮಯ್ಯನವರ ಮನೆಯದು. ಕೆಲಕಾಲ ಆರ್‌ಟಿಒ ಕಚೇರಿಯಾಗಿದ್ದು (ನಮ್ಮಲ್ಲಿ ಇಂಥವೆಲ್ಲ ನಡೆಯುತ್ತವೆ), 2021ರಲ್ಲಿ ವಸ್ತುಸಂಗ್ರಹಾಲಯವಾಯಿತು.

ಮಕ್ಕಳು ಮೊದಲು ಓಡುವುದು ಅಂಗಳದ ಟ್ಯಾಂಕಿನತ್ತ. ಅದು ನಂತರದ ಕಾಲದ್ದು. ತಿಮ್ಮಯ್ಯನವರ ಟ್ಯಾಂಕುಗಳ ಕಥೆ ಬೇರೆ. 1948ರ ನವೆಂಬರಿನಲ್ಲಿ ಹನ್ನೊಂದು ಸಾವಿರ ಅಡಿಗೂ ಎತ್ತರದ ಜೋಜಿ ಲಾ ಕಣಿವೆದಾರಿಗೆ ಅವನ್ನು ಹತ್ತಿಸಿದರು. ಮೇಜರ್ ಜನರಲ್ ಆಗಿದ್ದವರು ಮುಂದಿನ ಟ್ಯಾಂಕಿನಲ್ಲಿ ತಾವೇ ಕುಳಿತರು! ಕೆಲಸದಲ್ಲಿ ಖುಷಿಯಿಲ್ಲದವನು ಹಾಗೆ ಕೂರುವನೇ?

ಅದೇ ತಿಮ್ಮಯ್ಯ ಸೇನಾ ಮುಖ್ಯಸ್ಥರಾಗಿದ್ದಾಗ, 1959ರಲ್ಲಿ, ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಡನೆ ಹೊಂದದೆ ರಾಜೀನಾಮೆ ಕೊಟ್ಟರು. ನೆಹರೂ ಹೇಳಿದ ಮೇಲೆ ಹಿಂತೆಗೆದುಕೊಂಡರು. ಜೋಜಿ ಲಾದ ಚಳಿಗಿಂತ ದೆಹಲಿಯ ಕುರ್ಚಿಯೇ ಕಷ್ಟವಾಗಿದ್ದಿರಬೇಕು.

2022ರ ಅಗ್ನಿಪಥ ಯೋಜನೆಯ ಪ್ರಕಟಣೆಯಂತೆ ಸೇವೆ ನಾಲ್ಕು ವರ್ಷ. ಕಾಯಂ ಆಗುವವರು ಶೇ 25ರಷ್ಟು. ಪಿಂಚಣಿಯ ಮಾತೆತ್ತುವ ತಂದೆತಾಯಿಯರನ್ನು ದೂರುವಂತಿಲ್ಲ. ತಿಮ್ಮಯ್ಯನವರಿಗೆ ಸೇನೆಯ ನಂಟು ಬಲಿತದ್ದು 35 ವರ್ಷಗಳಲ್ಲಿ. ನಾಲ್ಕು ವರ್ಷಕ್ಕೆ ಅಷ್ಟು ಬಲಿತೀತೆ ಎಂಬ ಅನುಮಾನ ನನಗೂ ಇದೆ.

1961ರಲ್ಲಿ ನಿವೃತ್ತರಾದವರು ಮನೆಯಲ್ಲೇ ಉಳಿಯಬಹುದಿತ್ತು. 1964ರಲ್ಲಿ ವಿಶ್ವಸಂಸ್ಥೆಯ ಪಡೆಯ ದಂಡನಾಯಕರಾಗಿ ಸೈಪ್ರಸ್‌ಗೆ ಹೊರಟರು. ಮರುವರ್ಷ ಡಿಸೆಂಬರಿನಲ್ಲಿ, ಕರ್ತವ್ಯದಲ್ಲಿದ್ದಾಗಲೇ, ಅಲ್ಲೇ ತೀರಿಕೊಂಡರು. 1966ರಲ್ಲಿ ಆ ದೇಶ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು.