ಮುರ್ಮುಗೋವಾ ಬಂದರಿನ ಒಂದು ರಾತ್ರಿ

ಗೋವೆಗೆ ಹೋದವರು ದೇವಾಲಯ, ಇಗರ್ಜಿ, ಕಡಲದಂಡೆಗಳನ್ನು ನೋಡಿ ಹಿಂದಿರುಗುವುದು ವಾಡಿಕೆ. ಲೋಂಡಾದಿಂದ ಘಟ್ಟವಿಳಿದು, ದೂಧಸಾಗರವನ್ನು ದಾಟಿ ವಾಸ್ಕೋ ತಲಪುವ ರೈಲಿನಲ್ಲಿ ಬಂದವರೂ ಪಕ್ಕದ ಮುರ್ಮುಗೋವಾ ಬಂದರಿನತ್ತ ತಿರುಗಿ ನೋಡುವುದು ಅಪರೂಪ. ಸಾಹಸಕಥೆಗಳ ಹುಚ್ಚಿರುವ ಮಕ್ಕಳು ಜೊತೆಗಿದ್ದರೆ ಮಾತ್ರ ಇದನ್ನು ತಪ್ಪಿಸಬಾರದು. ಜುವಾರಿ ನದಿ ಕಡಲನ್ನು ಸೇರುವ ಈ ವಿಶಾಲ ನೀರಿನಲ್ಲಿ ಅಂಥದೊಂದು ಕಥೆ ನಿಜವಾಗಿಯೇ ನಡೆದಿದೆ.

1939ರಲ್ಲಿ ಮಹಾಯುದ್ಧ ಸಿಡಿದಾಗ ಮೂರು ಜರ್ಮನ್ ಹಡಗುಗಳು ತಟಸ್ಥ ಪೋರ್ಚುಗಲ್ಲಿನ ಅಧೀನದಲ್ಲಿದ್ದ ಈ ಬಂದರನ್ನು ಹೊಕ್ಕು ಕುಳಿತವು. ಆಮೇಲೆ ಇಟಲಿಯದೊಂದು ಸೇರಿತು. ಜರ್ಮನ್ ಹಡಗುಗಳಲ್ಲೊಂದಾದ ಏರೆನ್‌ಫೆಲ್ಸ್‌ನ ಗುಪ್ತ ರೇಡಿಯೋದಿಂದ ಜಲಾಂತರ್ಗಾಮಿಗಳಿಗೆ ಸುದ್ದಿ ಹೋಗುತ್ತಿದೆಯೆಂದು ಬ್ರಿಟಿಷರು ನಂಬಿದರು. ತಟಸ್ಥರ ಬಂದರಿಗೆ ಸೈನ್ಯ ನುಗ್ಗಿಸುವಂತಿಲ್ಲವಷ್ಟೆ! ಆದ್ದರಿಂದ ಕಲ್ಕತ್ತಾ ಲೈಟ್ ಹಾರ್ಸ್ ಎಂಬ ಹವ್ಯಾಸಿ ಕುದುರೆದಳದ, ಹೊಟ್ಟೆ ಬೆಳೆದ ನಡುವಯಸ್ಸಿನ ದೊರೆಗಳನ್ನು ಆರಿಸಿದರು. ಹೂಳು ಸಾಗಿಸುವ ‘ಫೀಬಿ’ ಎಂಬ ಬಾರ್ಜು ಹೂಗ್ಲಿಯಿಂದ ಹೊರಟು ಭಾರತವನ್ನು ಬಳಸಿ ಬಂದಿತು. ಇವರು ರೈಲಿನಲ್ಲಿ ಕೊಚ್ಚಿಗೆ ಬಂದು ಅದನ್ನು ಹತ್ತಿದರು. ಅಂದು ದಡದಲ್ಲಿ ಹಡಗಿನವರಿಗಾಗಿ ಔತಣಗಳು ಏರ್ಪಟ್ಟಿದ್ದವು. (ಮಕ್ಕಳಿಗೆ ಇಷ್ಟೇ ಹೇಳಿದರೆ ಸಾಕು.) 1943ರ ಮಾರ್ಚ್ 9ರ ನಸುಕಿಗೆ ಮುನ್ನ ಏರೆನ್‌ಫೆಲ್ಸ್‌ ಮೇಲೆ ಗುಂಡು ಹಾರಿತು, ನಾಯಕ ಸತ್ತ, ನಾವಿಕರೇ ಹಡಗನ್ನು ಮುಳುಗಿಸಿದರು. ಉಳಿದ ಮೂರನ್ನೂ ಅವುಗಳವರೇ ಸುಟ್ಟು ಮುಳುಗಿಸಿದರು. ದಾಳಿಕಾರರೆಲ್ಲ ಜೀವಸಹಿತ ಮರಳಿದರು. ಪದಕವಿಲ್ಲ, ಪ್ರಚಾರವಿಲ್ಲ, 1978ರಲ್ಲಿ ಜೇಮ್ಸ್ ಲೀಸರ್ ಪುಸ್ತಕ ಬರೆದ ಮೇಲೆ ಲೋಕಕ್ಕೆ ತಿಳಿಯಿತು. 1980ರಲ್ಲಿ ಗ್ರೆಗರಿ ಪೆಕ್, ರೋಜರ್ ಮೂರ್ ನಟಿಸಿದ ಚಿತ್ರವೂ ಬಂದಿತು.

ಇಷ್ಟು ಹೇಳಿದರೆ ಹುಡುಗರು ಕುಣಿಯುತ್ತಾರೆ. ಆದರೆ ಚುರುಕಾದ ಹುಡುಗಿಯೊಬ್ಬಳಿದ್ದರೆ ಕೇಳಿಯೇ ಕೇಳುತ್ತಾಳೆ: “ಇದರಲ್ಲಿ ನಮ್ಮವರು ಯಾರು?”

ಯಾರು? ಪುಣೆಯ ಓದುಗರು ಆಗಾಖಾನ್ ಅರಮನೆಯನ್ನು ನೋಡಿಯೇ ಇರುತ್ತಾರೆ. ಅಲ್ಲಿ ಸೆರೆಯಲ್ಲಿದ್ದ ಗಾಂಧೀಜಿ ತಮ್ಮ 21 ದಿನಗಳ ಉಪವಾಸವನ್ನು ಮುಗಿಸಿದ್ದು ಅದೇ ಮಾರ್ಚ್ 3ರಂದು. ದಾಳಿಗೆ ಆರು ದಿನ ಮುಂಚೆ. ಈ ದೊರೆಗಳ ಊರಾದ ಕಲ್ಕತ್ತೆಯ ಬೀದಿಗಳಲ್ಲಿ ಅದೇ ವರ್ಷ ಬಂಗಾಳದ ಹಸಿದ ಜನ ಗಂಜಿಗಾಗಿ ಅಂಗಲಾಚಿ ಬಿದ್ದು ಸತ್ತರು. ಅತ್ತ, ಸತ್ತ ನಾಯಕ ಹಿಟ್ಲರನ ಜರ್ಮನಿಯವನು. ಅವನು ಗೆಲ್ಲಲೆಂದು ಹಾರೈಸುವುದೂ ಹೇಗೆ? ಮತ್ತು ಈ ನೆಲ, 1961ರವರೆಗೆ, ಮೂರನೆಯವರದು.

ಕನ್ನಡದಲ್ಲಿ ಮಕ್ಕಳಿಗಾಗಿ ಈ ಕಥೆಯನ್ನು ಯಾರಾದರೂ ಬರೆದರೆ, ಬಂದೂಕು ಹಿಡಿದವರ ಬಾರ್ಜಿನಿಂದಲ್ಲ, ಆ ಇರುಳು ಸದ್ದಿಗೆ ಎಚ್ಚೆತ್ತು ದಡಕ್ಕೆ ಓಡಿಬಂದ ಬಂದರು ಕೂಲಿಯ ಮಗನೊಬ್ಬನ ಕಣ್ಣಿನಿಂದ ಬರೆಯಲಿ ಎಂದು ನನ್ನ ಆಸೆ. ಅವನಿಗೆ ಕಂಡದ್ದು ಕೆಂಪಗೆ ಉರಿಯುವ ನೀರು, ಪರಭಾಷೆಯ ಕೂಗು.