ಅದು ಪಬ್ಜಿ ಅಲ್ಲ

ಕಾರ್ಕಳದಿಂದ ಉಡುಪಿಗೆ ಹೊರಟ ಬೆಳಗಿನ ಬಸ್ಸು ಬೈಲೂರು ದಾಟಿತ್ತು. ಆಟಿ ತಿಂಗಳ ಮಳೆ, ಕಿಟಕಿಗಳಿಗೆಲ್ಲ ಟರ್ಪಾಲು ಇಳಿಬಿಟ್ಟು ಒಳಗೆ ಅರೆಗತ್ತಲೆ. ಹಿಂದಿನ ಸೀಟಿನಲ್ಲಿ ಮಣಿಪಾಲದ ಕಾಲೇಜಿಗೆ ಹೋಗುವ ಹುಡುಗನೊಬ್ಬ ಕಪ್ಪು ಬಣ್ಣದ ಯಂತ್ರವೊಂದನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ಪಕ್ಕದ ಹಿರಿಯರು ಬಗ್ಗಿ ನೋಡಿದರು. ತೆರೆಯ ಮೇಲೆ ಬಂದೂಕಿನ ತುದಿ ಕಂಡಿತು.

“ಬೆಳಿಗ್ಗೆ ಬೆಳಿಗ್ಗೆ ಪಬ್ಜಿಯಾ ಮಾರಾಯ?”

“ಪಬ್ಜಿ ಅಲ್ಲ.”

“ಎಲ್ಲ ಒಂದೇ ಬಿಡು.”

ಹುಡುಗ ಮತ್ತೆ ಮಾತಾಡಲಿಲ್ಲ. ಕೇಳಿಸಿಕೊಂಡವರಿಗೆ ಮಾತ್ರ ಆ ‘ಎಲ್ಲ ಒಂದೇ’ ಹಲ್ಲಿಗೆ ಸಿಕ್ಕ ನಾರಿನಂತೆ ಉಡುಪಿಯವರೆಗೂ ಕಾಡಿತು.

ಪಬ್ಜಿ ಮೊಬೈಲನ್ನು ಕೇಂದ್ರ ಸರ್ಕಾರ ನಿಷೇಧಿಸಿದ್ದು 2020ರ ಸೆಪ್ಟೆಂಬರ್ 2ರಂದು. ಮರುವರ್ಷ ಜುಲೈಯಲ್ಲಿ ಅದೇ ಆಟ ಬಿಜಿಎಂಐ ಎಂಬ ಹೆಸರಿನಲ್ಲಿ ಬಂತು. ಆದರೆ ಕರಾವಳಿಯ ಮನೆಗಳಲ್ಲಿ ಹಳೆಯ ಹೆಸರೇ ನಿಂತುಬಿಟ್ಟಿತು, ಅದೂ ಎಲ್ಲ ಆಟಗಳಿಗೂ ಸೇರಿಸಿ. ಕಾರು ಓಡಿಸುವುದೂ ಪಬ್ಜಿ, ಚೆಂಡು ಒದೆಯುವುದೂ ಪಬ್ಜಿ. ನಿಜವಾದ ಪಬ್ಜಿಯಲ್ಲಿ ನೂರು ಜನ ವಿಮಾನದಿಂದ ದ್ವೀಪಕ್ಕೆ ಜಿಗಿಯುತ್ತಾರೆ. ಕಿರಿದಾಗುತ್ತ ಬರುವ ವೃತ್ತದೊಳಗೆ ಕೊನೆಗೆ ಉಳಿದವರು ಗೆಲ್ಲುತ್ತಾರೆ. ಬಸ್ಸಿನ ಹುಡುಗ ಆಡುತ್ತಿದ್ದದ್ದು ಕೌಂಟರ್-ಸ್ಟ್ರೈಕ್. ಮಿನ್ ಲೀ ಮತ್ತು ಜೆಸ್ ಕ್ಲಿಫ್ ಎಂಬ ಇಬ್ಬರು ತರುಣರು 1999ರಲ್ಲಿ ಹಾಫ್-ಲೈಫ್ ಎಂಬ ಬೇರೊಂದು ಆಟದ ಮೇಲೆ ಕಟ್ಟಿದ್ದು ಇದು. ಈಗಿನ ಎರಡನೆಯ ಆವೃತ್ತಿ ಬಂದದ್ದು 2023ರ ಸೆಪ್ಟೆಂಬರ್‌ನಲ್ಲಿ.

ಇಲ್ಲಿ ತಲಾ ಐದು ಜನರ ಎರಡು ತಂಡ. ಒಂದು ತಂಡ ಬಾಂಬ್ ಇಡಬೇಕು, ಇನ್ನೊಂದು ತಡೆಯಬೇಕು. ಒಂದು ಸುತ್ತಿಗೆ 1 ನಿಮಿಷ 55 ಸೆಕೆಂಡ್. ಸತ್ತವನು ಆ ಸುತ್ತು ಮುಗಿಯುವವರೆಗೆ ಸುಮ್ಮನೆ ನೋಡುತ್ತ ಕೂರಬೇಕು. ಬಾಂಬ್ ಇಟ್ಟ ಮೇಲೆ ಸಿಡಿಯಲು 40 ಸೆಕೆಂಡ್. ಅದನ್ನು ಬಿಚ್ಚಲು 10, ಮೊದಲೇ ದುಡ್ಡು ಕೊಟ್ಟು ಕಿಟ್ ಕೊಂಡಿದ್ದರೆ 5. ಹಾಗಾಗಿ ಗುಂಡು ಹಾರಿಸುವುದಕ್ಕಿಂತ ಹೆಚ್ಚು ಹೊತ್ತು ಕಾಯುವುದೇ ಕೆಲಸ. ಓಡಿದರೆ ಹೆಜ್ಜೆ ಸದ್ದು ಎದುರಾಳಿಗೆ ಕೇಳುತ್ತದೆ. ಅದಕ್ಕೇ ನಡೆಯಬೇಕು, ನಿಂತು ಕಿವಿಗೊಡಬೇಕು.

ಕಣ್ಣು ಹಾಳು, ಓದು ಹಾಳು, ಬಂದೂಕಿನ ಆಟ ಯಾಕೆ ಬೇಕು ಎಂಬುದೆಲ್ಲ ಎಲ್ಲರಿಗೂ ಗೊತ್ತಿರುವ ತಕರಾರು. ಅದರ ಮಾತು ಬೇರೆ ದಿನ ಆಡಬಹುದು.

ಹುಡುಗನ ಕೈಯಲ್ಲಿದ್ದದ್ದು ಸ್ಟೀಮ್ ಡೆಕ್. ವಾಲ್ವ್ ಕಂಪನಿ 2022ರ ಫೆಬ್ರವರಿಯಲ್ಲಿ ಹೊರತಂದದ್ದು. ಏಳು ಇಂಚಿನ ತೆರೆ, ತೂಕ ಸುಮಾರು 670 ಗ್ರಾಂ, ಅಂದರೆ ಸುಲಿದ ತೆಂಗಿನಕಾಯಿಯಷ್ಟು. ಕಂಪನಿ ಇದನ್ನು ಭಾರತದಲ್ಲಿ ನೇರವಾಗಿ ಮಾರುವುದಿಲ್ಲ, ಗಲ್ಫಿನಿಂದ ರಜೆಗೆ ಬರುವ ಮಾವನೋ ಚಿಕ್ಕಪ್ಪನೋ ತರಬೇಕು. ಮೌಸ್ ಇಟ್ಟುಕೊಂಡು ಮೇಜಿನ ಮುಂದೆ ಆಡಲೆಂದು ಹುಟ್ಟಿದ ಆಟ ಇಷ್ಟು ಸಣ್ಣ ಯಂತ್ರದಲ್ಲಿ ಕಷ್ಟ. ದೂರದ ಎದುರಾಳಿ ತೆರೆಯ ಮೇಲೆ ನಾಲ್ಕೈದು ಚುಕ್ಕೆ ಮಾತ್ರ. ಹೆಬ್ಬೆರಳಿನ ಕಡ್ಡಿ ಅಷ್ಟು ನಿಖರವಾಗಿ ತಿರುಗುವುದಿಲ್ಲ. ಅದಕ್ಕಾಗಿ ಯಂತ್ರದೊಳಗೆ ಗೈರೊಸ್ಕೋಪ್ ಇದೆ. ಮಣಿಕಟ್ಟು ಎಷ್ಟು ವಾಲುತ್ತದೋ ಗುರಿಯೂ ಅಷ್ಟೇ ವಾಲುತ್ತದೆ.

ಪರ್ಕಳದ ತಿರುವಿನಲ್ಲಿ ಒಂದು ಸೊಗಸು ನಡೆಯಿತು. ಬಸ್ಸು ಎಡಕ್ಕೆ ಹೊರಳಿತು, ತೆರೆಯೊಳಗಿನ ಬಂದೂಕೂ ಎಡಕ್ಕೆ ಹೊರಳಿತು. ಕೈ ಅಲುಗಿರಲಿಲ್ಲ. ತಿರುಗಿದ್ದು ಕೈಯೋ ಬಸ್ಸೋ ಎಂದು ಗೈರೊಸ್ಕೋಪಿಗೆ ತಿಳಿಯುವುದಿಲ್ಲ. ಹುಡುಗ ಬಲ ಹೆಬ್ಬೆರಳನ್ನು ಕಡ್ಡಿಯಿಂದ ಕೂದಲೆಳೆಯಷ್ಟು ಮೇಲೆತ್ತಿದ. ಬೆರಳು ತಾಗಿರುವಾಗ ಮಾತ್ರ ಗೈರೊಸ್ಕೋಪ್ ಕೆಲಸ ಮಾಡುವಂತೆ ಹೊಂದಿಸಿಕೊಂಡಿದ್ದ. ಬಸ್ಸು ನೇರವಾಯಿತು, ಬೆರಳು ಮತ್ತೆ ಇಳಿಯಿತು. ದಿನಾ ಓಡಾಡುವ ರಸ್ತೆಯ ಒಂದೊಂದು ತಿರುವೂ ಅವನ ಬೆರಳಿಗೆ ಬಾಯಿಪಾಠವಾಗಿತ್ತು.

ಆಟದೊಳಗೆ ಮೂಲೆ ಕಾಯುವ ವಿದ್ಯೆಯೂ ಹೀಗೆಯೇ. ಗೋಡೆಯ ಅಂಚಿಗೆ ಅಂಟಿಕೊಂಡವನಿಗಿಂತ ಅಂಚಿನಿಂದ ದೂರ ನಿಂತವನಿಗೆ ಆಚೆಯವನು ಮೊದಲು ಕಾಣುತ್ತಾನೆ. ಇದು ಬರೀ ರೇಖಾಗಣಿತ. ಕಾರ್ಕಳದವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1586ರಲ್ಲಿ ಕಟ್ಟಿದ ಚತುರ್ಮುಖ ಬಸದಿಯ ಕಂಬಗಳ ನಡುವೆ ಸುತ್ತು ಬಂದವರಿಗೆ, ಎಲ್ಲಿ ನಿಂತರೆ ಯಾವ ಬಾಗಿಲು ಕಾಣುತ್ತದೆ, ಯಾವುದು ಕಂಬದ ಮರೆಗೆ ಹೋಗುತ್ತದೆ ಎಂಬುದು ಬಾಲ್ಯದಿಂದಲೇ ಗೊತ್ತು.

ಇನ್ನು ಆ ಹಿರಿಯರ ಕಾಲದ ಆಟದ ಮಾತು. ಆಟಿ ಬಂತೆಂದರೆ ತುಳುನಾಡಿನ ಮನೆಗಳಲ್ಲಿ ಚೆನ್ನೆಮಣೆ ಅಟ್ಟದಿಂದ ಇಳಿಯುತ್ತಿತ್ತು. ಮರದ ಮಣೆ, ಎದುರುಬದುರು ಏಳೇಳು ಗುಳಿ, ಗುಳಿಗೆ ನಾಲ್ಕು ಕಾಯಿ. ತೊಡೆಯ ಮೇಲಿಟ್ಟು ಆಡಿದರೂ ನಡೆಯುತ್ತಿತ್ತು. ಆ ಒಂದೇ ಮಣೆಯಲ್ಲಿ ಎಷ್ಟು ಆಟ! ಜೋಡುಪೆರ್ಗ ಬೇರೆ, ಬುಲೆಪೆರ್ಗ ಬೇರೆ, ಅರಸು ಆಟ ಬೇರೆ. ಜೊತೆಗೆ ಯಾರೂ ಇಲ್ಲದವರು ಒಬ್ಬರೇ ಆಡುವುದು ಸೀತೆಯಾಟ. ನೆಟ್‌ವರ್ಕ್ ಸಿಗದ ಬಸ್ಸಿನಲ್ಲಿ ಯಂತ್ರವೇ ನಡೆಸುವ ಬಾಟ್‌ಗಳ ಜೊತೆ ಆಡುವ ಹುಡುಗನ ಆಟಕ್ಕೆ ಅಷ್ಟು ಚಂದದ ಹೆಸರು ಇನ್ನೂ ಸಿಕ್ಕಿಲ್ಲ.

ಆ ಮಣೆಯ ಮೇಲೆ ರಕ್ತವೂ ಬಿದ್ದಿದೆ. ತುಳುವಿನ ಹಾಡುಗತೆಯಾದ ಸಿರಿ ಪಾಡ್ದನದಲ್ಲಿ ಅಬ್ಬಗ-ದಾರಗ ಎಂಬ ಅವಳಿ ಸೋದರಿಯರು ಚೆನ್ನೆ ಆಡುತ್ತ ಜಗಳವಾಡುತ್ತಾರೆ. ಒಬ್ಬಳು ಇನ್ನೊಬ್ಬಳ ತಲೆಗೆ ಮಣೆಯಿಂದಲೇ ಹೊಡೆಯುತ್ತಾಳೆ, ತಂಗಿಯೋ ಅಕ್ಕನೋ ಸತ್ತಳೆಂದು ತಿಳಿದು ತಾನೂ ಬಾವಿಗೆ ಹಾರುತ್ತಾಳೆ. ಒಡಹುಟ್ಟಿದವರು ಎದುರುಬದುರು ಕೂತು ಚೆನ್ನೆ ಆಡಬಾರದು ಎಂಬ ನಂಬಿಕೆ ಇಂದಿಗೂ ಇದೆ. ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ 1990ರಲ್ಲಿ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿಯ ಕಥೆಯನ್ನು ಧ್ವನಿಮುದ್ರಿಸಿಕೊಂಡರು. ಅದು ಅಚ್ಚಾದಾಗ 15,683 ಸಾಲು ಬಂತು. ಆಟದ ಮೇಲಿನ ಜಗಳವೊಂದಕ್ಕೆ ಇಂಥ ಮಹಾಕಾವ್ಯದಲ್ಲಿ ಜಾಗ ಕೊಟ್ಟ ಜನ ಆಟವನ್ನು ಎಂದೂ ಹಗುರವಾಗಿ ಕಂಡವರಲ್ಲ.

ಸಿರಿ ಜಾತ್ರೆಗೆ ಹೆಸರಾದ ನಂದಳಿಕೆ ಕಾರ್ಕಳದ ಮಗ್ಗುಲಲ್ಲೇ ಇದೆ. ಮುದ್ದಣ ಎಂಬ ಹೆಸರಿನಲ್ಲಿ ಬರೆದ ಕವಿ ಲಕ್ಷ್ಮೀನಾರಣಪ್ಪನ ಊರೂ ಅದೇ. ಉಡುಪಿಯಲ್ಲಿ ಮಕ್ಕಳಿಗೆ ವ್ಯಾಯಾಮ ಕಲಿಸುತ್ತಿದ್ದ ಅವನು ತಾನು ಬರೆದದ್ದನ್ನು ಹಳೆಯ ಕವಿಯ ಕೃತಿಯೆಂದು ಹೇಳಿ ಮೈಸೂರಿಗೆ ಕಳಿಸಿದ. ಈಗಿನ ಆಟಗಾರರು ಸ್ವಂತ ಹೆಸರು ಮುಚ್ಚಿಟ್ಟು ಇನ್ನೊಂದು ಹೆಸರಿನಲ್ಲಿ ಗೆಲ್ಲುವುದನ್ನು ಕಂಡಾಗಲೆಲ್ಲ ಆ ಡ್ರಿಲ್ ಮಾಸ್ತರ ನೆನಪಾಗುತ್ತಾನೆ. ಕ್ಷಯದಿಂದ ಅವನು ತೀರಿಕೊಂಡದ್ದು 1901ರಲ್ಲಿ, ವಯಸ್ಸು ಮೂವತ್ತೊಂದು.

ಕಾಪುವಿನ ಬಂಡೆಯ ಮೇಲೆ ದೀಪಸ್ತಂಭ ಎದ್ದದ್ದೂ 1901ರಲ್ಲೇ. ಕತ್ತಲೆಯ ಕಡಲಿನಿಂದ ನೋಡಿದರೆ ಎಲ್ಲ ದೀಪವೂ ದೀಪವೇ. ಆದರೆ ಪ್ರತಿ ದೀಪಸ್ತಂಭಕ್ಕೂ ಅದರದೇ ಮಿನುಗಿನ ಲೆಕ್ಕ ಇರುತ್ತದೆ. ದೋಣಿಯವನು ಅದನ್ನು ಎಣಿಸಿ ಇದು ಕಾಪು, ಅದು ಸುರತ್ಕಲ್ ಎಂದು ಹೇಳುತ್ತಾನೆ. ಎಲ್ಲ ಒಂದೇ ಎಂದರೆ ಅವನಿಗೆ ದಡ ಸಿಗುವುದಿಲ್ಲ.

ಮಣಿಪಾಲದ ಟೈಗರ್ ಸರ್ಕಲ್ ಬಂದಾಗ ಹುಡುಗ ಯಂತ್ರವನ್ನು ಬಟ್ಟೆಯ ಚೀಲಕ್ಕೆ ಹಾಕಿ, ಅದರ ಮೇಲೆ ಪ್ಲಾಸ್ಟಿಕ್ ಸುತ್ತಿ, ಮಳೆಗೆ ಇಳಿದುಹೋದ. ಹಿರಿಯರು ಅವನ ಜಾಗಕ್ಕೆ ಸರಿದು ಕೂತರು. ಜೋಡುಪೆರ್ಗ, ಬುಲೆಪೆರ್ಗಗಳನ್ನು ಬೇರೆ ಬೇರೆಯಾಗಿ ಬಲ್ಲ ತಲೆಮಾರು ಅವರದ್ದು. ಅಂಥವರಲ್ಲಿ ಕೇಳಿಕೊಳ್ಳುವುದು ಇಷ್ಟೇ: ಮನೆಯ ಹುಡುಗ ಆಡುತ್ತಿದ್ದರೆ ಯಾವ ಆಟ ಎಂದು ಕೇಳಿ, ಒಂದು ಸುತ್ತು ಮುಗಿಯುವವರೆಗೆ ಪಕ್ಕದಲ್ಲಿ ಕೂತು ನೋಡಿ. ಎರಡು ನಿಮಿಷದ ಮಾತು. ಆಮೇಲೆ, ಆಟಿ ಮುಗಿಯುವುದರೊಳಗೆ, ಅಟ್ಟದ ಮಣೆ ಇಳಿಸಿ ಅವನಿಗೊಂದು ಬುಲೆಪೆರ್ಗ ಕಲಿಸಿ.