ಬೆರಳ ಕೆಳಗಿನ ಇಳಿಜಾರು

ಪುಟ ತೆರೆದುಕೊಳ್ಳುವಾಗಲೇ ಗಾಳಿ ಬೀಸುತ್ತಿದೆ. ಸದ್ದಿಲ್ಲ. ಪರದೆಯ ತುಂಬ ಬೆಳ್ಳನೆಯ ಇಳಿಜಾರು, ಅದರ ಮೈ ಸವರಿಕೊಂಡು ಹಿಮದ ಪುಡಿ ಹಾರಿಹೋಗುತ್ತಿದೆ. ಮೊದಲ ನೋಟಕ್ಕೆ ಫೋಟೊ ಅಂದುಕೊಳ್ಳುತ್ತೀರಿ, ಕಣ್ಣು ನಿಂತಮೇಲೆ ಅದು ಚಲಿಸುತ್ತಿರುವುದು ಗೊತ್ತಾಗುತ್ತದೆ. ಕೆಲವೇ ಸೆಕೆಂಡುಗಳ ವಿಡಿಯೊ, ಮುಗಿದಲ್ಲಿಂದಲೇ ಮತ್ತೆ ಶುರುವಾಗುವಂತೆ ಹೊಲಿದಿದ್ದಾರೆ. ಒತ್ತಲು ಗುಂಡಿ ಇಲ್ಲ, ಮುಚ್ಚಲು ಜಾಹೀರಾತಿಲ್ಲ. ನಡುವೆ ‘ಸ್ನೋ ಫಾಲ್’ ಎಂಬ ಶೀರ್ಷಿಕೆ, ಕೆಳಗೆ ವರದಿಗಾರ ಜಾನ್ ಬ್ರಾಂಚ್ ಹೆಸರು. ದಿನ 2012ರ ಡಿಸೆಂಬರ್ 20, ಜಾಲತಾಣ ನ್ಯೂಯಾರ್ಕ್ ಟೈಮ್ಸ್‌ನದು.

ಬೆರಳಾಡಿಸಿ. ಇಳಿಜಾರು ಮೇಲಕ್ಕೆ ಸರಿದು ಬಿಳಿ ಹಾಳೆ ಬರುತ್ತದೆ. ಅಕ್ಷರಗಳದೊಂದು ಕಂಬ, ಎರಡೂ ಬದಿಗೆ ಧಾರಾಳವಾದ ಖಾಲಿ ಜಾಗ. ಮೊದಲ ಸಾಲುಗಳಲ್ಲೇ ಒಬ್ಬ ಸ್ಕೀ ಆಟಗಾರ್ತಿ ಹಿಮಕುಸಿತಕ್ಕೆ ಸಿಕ್ಕಿ ಉರುಳುತ್ತಿದ್ದಾಳೆ. ಆಕೆ ಬೆನ್ನಿಗಿದ್ದ ಗಾಳಿಚೀಲವನ್ನು ಉಬ್ಬಿಸಿಕೊಂಡಾಗಿದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕ್ಯಾಸ್ಕೇಡ್ ಬೆಟ್ಟಸಾಲು, ಸ್ಟೀವನ್ಸ್ ಪಾಸ್ ಪಕ್ಕದ ಟನಲ್ ಕ್ರೀಕ್. 2012ರ ಫೆಬ್ರವರಿ 19ರಂದು 16 ಮಂದಿ ಅಲ್ಲಿ ಇಳಿಯಲು ಹೊರಟಿದ್ದರು. ಮೂವರು ಬದುಕಿ ಬರಲಿಲ್ಲ.

ಇನ್ನಷ್ಟು ಕೆಳಗಿಳಿದಾಗ, ಓದುತ್ತಿದ್ದ ಸಾಲುಗಳು ಹಿಂದೆ ಸರಿದು ನೀವು ಆಕಾಶದಲ್ಲಿದ್ದೀರಿ. ಕೆಳಗೆ ಕ್ಯಾಸ್ಕೇಡ್ ಶಿಖರಗಳು ನಿಧಾನ ತಿರುಗುತ್ತವೆ. ನೋಟ ಕೌಬಾಯ್ ಮೌಂಟನ್ನಿನ ಮೇಲೆ ಬಂದು ಅದರ ಹಿಂಬದಿಯ ಕಣಿವೆಯತ್ತ ಬಾಗುತ್ತದೆ. ಇದು ಹೆಲಿಕಾಪ್ಟರಿನಿಂದ ತೆಗೆದದ್ದಲ್ಲ. ನೆಲದ ಏರುತಗ್ಗುಗಳನ್ನು ಲೇಸರ್ ಕಿರಣದಿಂದ ಅಳೆದ ಲೈಡಾರ್ ದತ್ತಾಂಶದ ಮೇಲೆ ಉಪಗ್ರಹ ಚಿತ್ರವನ್ನು ಹೊದಿಸಿ ಕಂಪ್ಯೂಟರಿನಲ್ಲಿ ಕಟ್ಟಿದ ಬೆಟ್ಟ. ಮರಗಳಿಲ್ಲದ ಬೋಳು ಇಳಿಜಾರು ಎಲ್ಲಿದೆ, ಅದು ಕೆಳಗೆ ಎಂಥ ಕಿರಿದಾದ ಕಮರಿಗೆ ಹೋಗಿ ಸೇರುತ್ತದೆ ಎಂಬುದು ಆ ಅರ್ಧ ನಿಮಿಷದೊಳಗೆ ಮನಸ್ಸಿನಲ್ಲಿ ಕೂತುಬಿಡುತ್ತದೆ. ಮೂರು ಪ್ಯಾರಾ ಬರೆದರೂ ಇಷ್ಟು ಖಚಿತವಾಗಿ ಕೂರುತ್ತಿರಲಿಲ್ಲ. ಅದಕ್ಕೇ ಇಲ್ಲಿ ಚಿತ್ರ ಬಂದಿದೆ, ಅಲಂಕಾರಕ್ಕಲ್ಲ. ತೋರಿಸಿದ್ದಾದ ಮೇಲೆ ಅದು ನಿಲ್ಲುತ್ತದೆ, ಸಾಲುಗಳು ಮರಳಿ ಬರುತ್ತವೆ.

ಒಬ್ಬೊಬ್ಬರ ಹೆಸರು ಬಂದ ಹಾಗೆ ಅಂಚಿನಲ್ಲಿ ಸಣ್ಣದೊಂದು ಮುಖ. ಬೇಕಾದರೆ ಒತ್ತಿ, ಅವರ ಇನ್ನಷ್ಟು ಫೋಟೊಗಳು ತೆರೆದುಕೊಳ್ಳುತ್ತವೆ. ಬೇಡವಾದರೆ ಓದುತ್ತ ಹೋಗಿ, ಕಥೆಯ ಎಳೆ ಎಲ್ಲೂ ಕಡಿಯುವುದಿಲ್ಲ. ಮುಂದೆ ಸಾವು ಬರುತ್ತದೆಂದು ಗೊತ್ತಿರುವ ಓದುಗ ಈ ನಗುಮುಖಗಳನ್ನು ನೋಡುವ ಬಗೆಯೇ ಬೇರೆ. ಬೆಟ್ಟ ಇಳಿಯುವ ಅಧ್ಯಾಯದಲ್ಲಿ ನಕ್ಷೆ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಯಾರು ಮೊದಲು ಇಳಿದರು, ಯಾರು ಎಡಕ್ಕೆ ಹೊರಳಿದರು, ಎಲ್ಲಿ ನಿಂತು ಹಿಂದಿನವರಿಗೆ ಕಾದರು ಎಂಬುದನ್ನು ನಿಮ್ಮ ಬೆರಳು ಸರಿದಂತೆ ಅದು ತೋರಿಸುತ್ತದೆ. ವರದಿಗಾರ ಬದುಕುಳಿದವರನ್ನು ಮಾತನಾಡಿಸುತ್ತಿದ್ದ ಕಾಲದಲ್ಲೇ ಗ್ರಾಫಿಕ್ಸ್, ವಿನ್ಯಾಸ, ವಿಡಿಯೊದವರೂ ಕೆಲಸಕ್ಕೆ ಕೂತಿದ್ದರು. ಆಗ ಗ್ರಾಫಿಕ್ಸ್ ವಿಭಾಗದ ಮುಖ್ಯಸ್ಥರಾಗಿದ್ದವರು ಸ್ಟೀವ್ ಡ್ಯುನೆಸ್. ಆರು ತಿಂಗಳ ದುಡಿಮೆ. ಬರಹ ಮುಗಿದ ಮೇಲೆ ‘ಇದಕ್ಕೊಂದು ಚಿತ್ರ ಹಾಕಿ’ ಎಂದು ಕಳಿಸಿದ್ದರೆ ಈ ನಕ್ಷೆ ಹುಟ್ಟುತ್ತಲೇ ಇರಲಿಲ್ಲ.

ಮುಂದಿನ ವರ್ಷ ಬ್ರಾಂಚ್ ಅವರಿಗೆ ಪುಲಿಟ್ಜರ್ ಬಂತು. ಬಂದದ್ದು ಫೀಚರ್ ಬರಹಕ್ಕೆ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಆಮೇಲೆ ಜಗತ್ತಿನ ಎಷ್ಟೋ ಪತ್ರಿಕೆಗಳು ಪರದೆ ತುಂಬುವ ವಿಡಿಯೊ ಹಾಕಿದವು, ಹಿನ್ನೆಲೆ ಒಂದು ವೇಗಕ್ಕೆ, ಅಕ್ಷರ ಇನ್ನೊಂದು ವೇಗಕ್ಕೆ ಸರಿಯುವಂತೆ ಮಾಡಿದವು. ಆದರೆ ಆ ಪುಟದಲ್ಲಿ ಎಲ್ಲಕ್ಕಿಂತ ಹೆಚ್ಚು ಜತನದಿಂದ ಕಾಪಾಡಿದ್ದು ಓದಿನ ಸಾಲನ್ನು. ಅದನ್ನು ನಕಲು ಮಾಡಿದವರು ಕಡಿಮೆ.

ಈಗ ಅದೇ ಬೆರಳು, ಕೈಯಲ್ಲಿ ಫೋನು, ಕನ್ನಡದ ಒಂದು ಉದ್ದ ಲೇಖನ. ಪಿ. ಸಾಯಿನಾಥ್ 2014ರಲ್ಲಿ ಆರಂಭಿಸಿದ ‘ಪರಿ’ ಜಾಲತಾಣದಲ್ಲಿ ಹಳ್ಳಿಗಾಡಿನ ಬದುಕಿನ ಇಂಥ ದೀರ್ಘ ವರದಿಗಳು ಕನ್ನಡದಲ್ಲೂ ಇವೆ, ಫೋಟೊಗಳ ಜೊತೆಗೆ. ಅಂಥದೊಂದು ಬರಹಕ್ಕೆ ಪುಟ ಕಟ್ಟಲು ನೀವೇ ಕೂತಿದ್ದೀರಿ ಎನ್ನಿ. ಇಂಗ್ಲಿಷಿಗೆಂದು ಮಾಡಿದ ಅಚ್ಚಿನಲ್ಲಿ ಪಠ್ಯವನ್ನು ಸುರಿಯುತ್ತೀರಿ. ‘ರಾಷ್ಟ್ರೀಯ’ ಎಂಬ ಪದದ ಒತ್ತುಗಳು ಕೆಳಗೆ ಇಳಿದು, ಮುಂದಿನ ಸಾಲಿನ ‘ಕೀ’ಯ ಗುಡಿಸಿಗೆ ತಾಗುತ್ತವೆ. ಪ್ಯಾರಾ ತುಂಬ ಹೀಗೇ ಆದರೆ ಓದುಗ ನಾಲ್ಕು ಸ್ಕ್ರೀನ್ ದಾಟುವುದಿಲ್ಲ, ತನಗೇಕೆ ಸುಸ್ತಾಯಿತೆಂದು ಅವನಿಗೆ ತಿಳಿಯುವುದೂ ಇಲ್ಲ. ಸಾಲುಗಳ ನಡುವಿನ ಅಂತರವನ್ನು 1.4ರಿಂದ 1.75ಕ್ಕೆ ಏರಿಸಿ. ಪುಟ ಒಮ್ಮೆಲೇ ಉಸಿರಾಡುತ್ತದೆ.

ಶೀರ್ಷಿಕೆಗೆ ಹೋಗಿ. ಇಂಗ್ಲಿಷ್ ತಲೆಬರಹದಲ್ಲಿ ಅಕ್ಷರಗಳನ್ನು ದೂರ ದೂರ ಇಟ್ಟರೆ ಗಾಂಭೀರ್ಯ ಬರುತ್ತದೆ, ಕನ್ನಡದಲ್ಲಿ ಹಾಗೆ ಮಾಡಿದರೆ ಪದವೇ ಒಡೆದಂತೆ ಕಾಣುತ್ತದೆ. ವ್ಯಕ್ತಿಯ ಮಾತನ್ನು ಎತ್ತಿ ತೋರಿಸಲು ಅಕ್ಷರವನ್ನು ಓರೆ ಮಾಡಬೇಡಿ. ಕನ್ನಡದ ದುಂಡು ಅಕ್ಷರ ಓರೆಯಾದರೆ ಬೀಳುತ್ತಿರುವಂತೆ ಕಾಣುತ್ತದೆ, ಅದರ ಬದಲು ತೂಕ ಅಥವಾ ಬಣ್ಣ ಬದಲಿಸಿ. ಮೊದಲಕ್ಷರವನ್ನು ಮೂರು ಸಾಲಿನಷ್ಟು ದೊಡ್ಡದಾಗಿ ಇಡುವ ಆಸೆಯೇ? ಲೇಖನ ‘ಸ್ತ್ರೀ’ ಎಂದು ಶುರುವಾದರೆ ಏನಾಗುತ್ತದೆ ನೋಡಿ: ಒತ್ತುಗಳು ನಾಲ್ಕನೆಯ ಸಾಲಿನ ಮೇಲೆ ಕೂರುತ್ತವೆ. ನೋಟೊ ಸೆರಿಫ್ ಕನ್ನಡ, ಟಿರೊ ಕನ್ನಡ, ಅನೆಕ್ ಕನ್ನಡ ಎಲ್ಲವೂ ಉಚಿತವಾಗಿ ಸಿಗುತ್ತವೆ. ಮೂರರಲ್ಲೂ ಅದೇ ಪ್ಯಾರಾವನ್ನು ಇಟ್ಟು, ಕಡಿಮೆ ಬೆಲೆಯ ಸಣ್ಣ ಫೋನಿನಲ್ಲಿ, ಮಧ್ಯಾಹ್ನದ ಬಿಸಿಲಲ್ಲಿ ನಿಂತು ಓದಿ. ಯಾವುದರಲ್ಲಿ ಒತ್ತು ಸ್ಪಷ್ಟವಾಗಿ ಕಾಣುತ್ತದೋ ಅದನ್ನು ಆರಿಸಿ. ಆಮೇಲೆ ವಿಡಿಯೊ ಎಲ್ಲಿ ಬೇಕು ಎಂದು ವರದಿಗಾರರ ಜೊತೆ ಮಾತಿಗೆ ಕೂರಬಹುದು.